ಗ್ರೂಪಿಗೆ ಹಾಕಿದರೆ ಮನೆಮನೆಗೆ ತಿಳಿಸಿದಂತೆಯೇ?

ಕಳೆದ ಬೇಸಿಗೆಯ ಒಂದು ಮುಂಜಾನೆ. ಫಜ್ರ್ ನಮಾಝ್ ಮುಗಿಸಿ ಅಂಗಳ ಗುಡಿಸುತ್ತಿದ್ದೆ. ಹಿಂದಿನ ಬೀದಿಯ ಖಾಲಾ ಎರಡು ಖಾಲಿ ಕೊಡಗಳನ್ನು ಹಿಡಿದು ಗೇಟಿನ ಬಳಿ ಬಂದು ನಿಂತರು.

"ನಲ್ಲಿಯಲ್ಲಿ ಒಂದು ತೊಟ್ಟು ನೀರಿಲ್ಲ ಬೇಟಾ. ನಿಮ್ಮ ಸಂಪಿನಲ್ಲಿ ಇದೆಯಾ?"

"ಟ್ಯಾಂಕ್ ತೊಳೆಯುತ್ತಾರೆ, ಎರಡು ದಿನ ನೀರು ಬರುವುದಿಲ್ಲ ಎಂದು ನಿನ್ನೆಯೇ ಗ್ರೂಪಿಗೆ ಹಾಕಿದ್ದರಲ್ಲ ಖಾಲಾ?"

ಮಾತು ಬಾಯಿಂದ ಹೊರಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರ ಬಳಿ ಇರುವುದು ಗುಂಡಿ ಒತ್ತುವ ಹಳೆಯ ಫೋನು. ಪತಿ ತೀರಿಕೊಂಡು ಕೆಲವು ವರ್ಷಗಳಾದವು. ಆ ಮನೆಯ ಪರವಾಗಿ ಸಂಘದ ವಾಟ್ಸಪ್ ಗ್ರೂಪಿನಲ್ಲಿರುವುದು ಮಗನ ನಂಬರು. ಮಗ ಕುಶಾಲನಗರದ ಗ್ಯಾರೇಜೊಂದರಲ್ಲಿ ಕೆಲಸಕ್ಕಿದ್ದಾನೆ, ವಾರಕ್ಕೊಮ್ಮೆ ಬರುತ್ತಾನೆ. ಹುಣಸೂರಿನ ನಲ್ಲಿಯ ಸುದ್ದಿ ಕುಶಾಲನಗರದ ಗ್ಯಾರೇಜಿಗೆ ತಲುಪಿತ್ತು. ಕೊಡ ಮಾತ್ರ ಇಲ್ಲಿ ಖಾಲಿ ಇತ್ತು.

ನೀರು ಕೊಟ್ಟು ಕಳಿಸಿದೆ. ಆದರೆ ಅಂದಿನಿಂದ ಒಂದು ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಒಂದು ಬಡಾವಣೆಯ ಸಂಘವೋ ಒಂದು ಮೊಹಲ್ಲಾದ ಜಮಾಅತ್ತೋ ತನ್ನ ಜನರಿಗೆ ತಿಳಿಸಬೇಕಾದುದನ್ನು ಫೋನಿನ ಗ್ರೂಪಿಗೆ ಹಾಕಿದರೆ, ಅದು ತಿಳಿಸಿದಂತೆ ಆಯಿತೇ?

ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಇದು ಹೊಸ ವಿಷಯವಲ್ಲ. ಅಲ್ಲಿ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆಯೋ ಸಂಘಗಳ ನೋಂದಣಿ ಕಾಯಿದೆಯೋ ಇದೆ, ಬೈಲಾ ಇದೆ, ಗೇಟಿಗೆ ಯಾರು ಬಂದರೆಂದು ತಿಳಿಸುವುದಕ್ಕೂ ಒಂದು ಆ್ಯಪ್ ಇದೆ. ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಂಥ ತಾಲೂಕು ಊರುಗಳಲ್ಲಿ ಅಷ್ಟೆಲ್ಲ ಇಲ್ಲ. ಇಲ್ಲಿ ಸಂಘವೆಂದರೆ ಕೆಲವು ಹಿರಿಯರು, ಒಬ್ಬ ಉತ್ಸಾಹಿ ಕಾರ್ಯದರ್ಶಿ, ಒಂದು ರಶೀದಿ ಪುಸ್ತಕ. ನಮ್ಮ ಬಡಾವಣೆಯಲ್ಲಿ ಸುಮಾರು 80 ಮನೆಗಳಿವೆ. ಅರ್ಧ ನಮ್ಮವರು, ಅರ್ಧ ಇತರ ಸಮುದಾಯದವರು. ಬೀದಿದೀಪ, ಚರಂಡಿ, ಕೊಳವೆಬಾವಿಯ ಮೋಟಾರು, ಪಾರ್ಕಿನ ಬೇಲಿ, ಇವೇ ಸಂಘದ ವ್ಯವಹಾರಗಳು. ಸಣ್ಣವೆಂದು ತೋರಬಹುದು. ಆದರೆ ದಿನವಿಡೀ ಮನೆಯಲ್ಲಿರುವ ಹೆಣ್ಣುಮಕ್ಕಳ ಬದುಕಿಗೆ ಶಾಸಕರ ಭಾಷಣಕ್ಕಿಂತ ಈ ಮೋಟಾರಿನ ಸುದ್ದಿಯೇ ಹತ್ತಿರದ್ದು.

ಗ್ರೂಪು ಮಾಡಿದ ಒಳ್ಳೆಯದು

ಮೊದಲಿಗೇ ಹೇಳಿಬಿಡುತ್ತೇನೆ, ನಾನು ಗ್ರೂಪಿನ ವಿರೋಧಿಯಲ್ಲ. 2019ರ ಆಗಸ್ಟ್‌ನಲ್ಲಿ ಲಕ್ಷ್ಮಣತೀರ್ಥ ಉಕ್ಕಿ ಹರಿದಾಗ ಯಾವ ರಸ್ತೆಯಲ್ಲಿ ನೀರು ಬಂದಿದೆ, ಯಾವ ಕಡೆ ಬಸ್ಸು ಹೋಗುತ್ತಿಲ್ಲ ಎಂಬುದನ್ನು ನಾವು ಫೋನಿನಲ್ಲೇ ತಿಳಿದುಕೊಂಡೆವು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಮಸೀದಿಗಳ ಬಾಗಿಲು ಮುಚ್ಚಿತು. ಆ ರಮಝಾನಿನಲ್ಲಿ ತರಾವೀಹ್ ಮನೆಯಲ್ಲೇ ಮಾಡಬೇಕೆಂಬ ಸೂಚನೆ, ಯಾವ ಮನೆಗೆ ರೇಷನ್ ಕಿಟ್ ಬೇಕು, ಯಾರಿಗೆ ಬಿ.ಪಿ. ಮಾತ್ರೆ ಮುಗಿದಿದೆ, ಎಲ್ಲವೂ ಗ್ರೂಪಿನಲ್ಲೇ ನಡೆಯಿತು. ನಮ್ಮ ಬಡಾವಣೆಯ ಗ್ರೂಪು ಹುಟ್ಟಿದ್ದೇ ಆಗ. ಪಕ್ಕದ ಬೀದಿಯ ಗೌಡರ ಮನೆಯ ಅಮ್ಮನಿಗೆ ಔಷಧಿ ತರಲು ನಮ್ಮ ಹುಡುಗರು ಮೈಸೂರಿಗೆ ಹೋಗಿ ಬಂದರು. ಗ್ರೂಪಿಲ್ಲದಿದ್ದರೆ ಆ ಮನೆಯ ಕಷ್ಟ ನಮಗೆ ತಿಳಿಯುತ್ತಿತ್ತೋ ಇಲ್ಲವೋ.

ಜನಾಝಾದ ಸುದ್ದಿಯೂ ಹಾಗೆಯೇ. ಮೊದಲು ಮಸೀದಿಯ ಮೈಕಿನಲ್ಲಿ ಹೇಳುತ್ತಿದ್ದರು. ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿರ್ಬಂಧವಿದೆ. 2022ರಲ್ಲಿ ರಾಜ್ಯ ಸರ್ಕಾರ ಅನುಮತಿಯ ನಿಯಮವನ್ನು ಬಿಗಿಗೊಳಿಸಿತು. ರಾತ್ರಿ ಹನ್ನೊಂದಕ್ಕೆ ಒಬ್ಬರು ತೀರಿಕೊಂಡರೆ ಕೆ.ಆರ್. ನಗರದಲ್ಲಿರುವ ಮಗಳಿಗೂ ಪಿರಿಯಾಪಟ್ಟಣದ ತಮ್ಮನಿಗೂ ಅದೇ ಗಳಿಗೆಯಲ್ಲಿ ತಿಳಿಸುವುದು ಫೋನಿನಿಂದಲೇ ಸಾಧ್ಯ. ಇದನ್ನು ಬೇಡವೆನ್ನಲು ನನಗೆ ಮನಸ್ಸು ಬಾರದು.

ಫೋನು ಯಾರ ಜೇಬಿನಲ್ಲಿದೆ?

ಕಷ್ಟ ಬರುವುದು ಎಲ್ಲಿ ಎಂದರೆ, "ಮನೆಗೊಂದು ನಂಬರು" ಎಂದು ಸಂಘದವರು ಬರೆದುಕೊಳ್ಳುವಾಗ. ಆ ಒಂದು ನಂಬರು ಬಹುತೇಕ ಗಂಡಸರದ್ದು. ಗಂಡಸರು ಬೆಳಿಗ್ಗೆ ಅಂಗಡಿಗೋ ಮರದ ಮಿಲ್ಲಿಗೋ ಹೋಗುತ್ತಾರೆ. ಕಟ್ಟೆಮಳಲವಾಡಿಯಲ್ಲೋ ಕಂಪಲಾಪುರದಲ್ಲೋ ಹೊಗೆಸೊಪ್ಪಿನ ಹರಾಜು ನಡೆಯುವ ತಿಂಗಳುಗಳಲ್ಲಂತೂ ಮನೆಗೆ ಬರುವುದು ಯಾವ ಹೊತ್ತಿಗೋ. ನೀರು ಹಿಡಿಯುವವಳು, ಕಸದ ಗಾಡಿಗೆ ಕಾಯುವವಳು, ಕರೆಂಟು ಹೋಗುವ ಮೊದಲು ಮಸಾಲೆ ರುಬ್ಬಿಕೊಳ್ಳಬೇಕಾದವಳು ಮನೆಯಲ್ಲಿ. ಸುದ್ದಿ ಜೇಬಿನಲ್ಲಿ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು 2019-21ರಲ್ಲಿ ನಡೆಯಿತು. ತಾವೇ ಬಳಸುವ ಮೊಬೈಲು ತಮಗಿದೆ ಎಂದು ದೇಶದಲ್ಲಿ ಹೇಳಿದ ಮಹಿಳೆಯರು ನೂರಕ್ಕೆ 54 ಮಂದಿ. ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಮಹಿಳೆಯರು ನೂರಕ್ಕೆ 33, ಪುರುಷರು 57. ಆ ಸಮೀಕ್ಷೆಯಾಗಿ ವರ್ಷಗಳು ಕಳೆದಿವೆ, ನಮ್ಮ ಹುಡುಗಿಯರ ಕೈಗೂ ಫೋನು ಬಂದಿದೆ ನಿಜ. ಆದರೆ ಅರುವತ್ತು ದಾಟಿದ ಖಾಲಾಗಳ, ಬೀಡಿ ಸುತ್ತುವ, ಹೊಗೆಸೊಪ್ಪು ವಿಂಗಡಿಸಲು ಹೋಗುವ ಹೆಂಗಸರ ಮನೆಗೆ ಹೋಗಿ ನೋಡಿ. ಇದ್ದ ಒಂದು ಒಳ್ಳೆಯ ಫೋನನ್ನು ಮಗ ಕಾಲೇಜಿಗೆ ತೆಗೆದುಕೊಂಡು ಹೋಗಿರುತ್ತಾನೆ.

ಎಚ್.ಡಿ. ಕೋಟೆಯ ಕಡೆ ಇನ್ನೊಂದು ತೊಂದರೆ. ಅಲ್ಲಿ ಕಾಡಂಚಿನ ಹಳ್ಳಿಯೊಂದರಲ್ಲಿ ನನ್ನ ಚಿಕ್ಕಮ್ಮನ ಮಗಳಿದ್ದಾಳೆ. ಸಿಗ್ನಲ್ ಬೇಕೆಂದರೆ ಅವಳು ಮನೆಯ ಹಿಂದಿನ ದಿಬ್ಬ ಹತ್ತಬೇಕು. "ಮೆಸೇಜು ಬಂದಿರುತ್ತದೆ ಆಪಾ, ನಾನು ದಿಬ್ಬಕ್ಕೆ ಹೋದಾಗ ಒಟ್ಟಿಗೇ ನೂರು ಬೀಳುತ್ತವೆ. ಅದರಲ್ಲಿ ಬೇಕಾದ್ದು ಯಾವುದು, ಗುಡ್ ಮಾರ್ನಿಂಗ್ ಯಾವುದು ಎಂದು ಹುಡುಕುವುದರಲ್ಲಿ ಸಂಜೆಯಾಗುತ್ತದೆ" ಎನ್ನುತ್ತಾಳೆ. ಹುಲಿ, ಆನೆ ಬಂದ ಸುದ್ದಿಯ ವಿಷಯ ಇನ್ನೂ ಕಷ್ಟ. ಯಾವುದೋ ರಾಜ್ಯದ ಹಳೆಯ ವೀಡಿಯೋಗೆ ತಮ್ಮ ಊರಿನ ಹೆಸರು ಹಚ್ಚಿ ಕಳಿಸುವವರು ಎಲ್ಲ ಕಡೆಯೂ ಇದ್ದಾರೆ. ನಿಜವಾದ ಎಚ್ಚರಿಕೆಯೂ ಅದರೊಳಗೆ ಕಳೆದುಹೋಗುತ್ತದೆ.

ನಾನೂ ಹೆಬ್ಬೆರಳು ಒತ್ತಿದ್ದೆ

ಈಗ ಹೇಳುವ ಸಂಗತಿಯಲ್ಲಿ ನನ್ನದೂ ತಪ್ಪಿದೆ. ಅದೇ ಖಾಲಾರ ಅನುಮತಿ ಪಡೆದು, ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿ ಬರೆಯುತ್ತಿದ್ದೇನೆ.

ನೀರಿನ ಪ್ರಸಂಗಕ್ಕೆ ಕೆಲವು ತಿಂಗಳ ಹಿಂದೆ ಸಂಘದವರು ಗ್ರೂಪಿನಲ್ಲಿ ಒಂದು ಸಂದೇಶ ಹಾಕಿದ್ದರು. ಬಡಾವಣೆಯ ಎರಡು ತುದಿಗಳಲ್ಲಿ ಸಿಸಿಟಿವಿ ಹಾಕಿಸುವುದು, ಮನೆಗೆ 3,000 ರೂಪಾಯಿ, ಮೂರು ದಿನದಲ್ಲಿ ಯಾರೂ ಆಕ್ಷೇಪಿಸದಿದ್ದರೆ ಎಲ್ಲರ ಒಪ್ಪಿಗೆ ಇದೆಯೆಂದು ಭಾವಿಸಲಾಗುವುದು. ಅದರ ಕೆಳಗೆ ಸಾಲುಸಾಲಾಗಿ ಹೆಬ್ಬೆರಳಿನ ಗುರುತುಗಳು. ನಾನು ಅನ್ನಕ್ಕೆ ಇಟ್ಟು, ಮಕ್ಕಳ ಕಾಪಿ ತಿದ್ದುತ್ತಾ, ಪೂರ್ತಿ ಓದದೆ ನನ್ನದೂ ಒಂದು ಹೆಬ್ಬೆರಳು ಒತ್ತಿದೆ. 3,000 ರೂಪಾಯಿ ನನಗೆ ದೊಡ್ಡ ಮಾತಲ್ಲ. ಹೊಲಿಗೆ ಯಂತ್ರದ ದುಡಿಮೆಯಲ್ಲಿ ಮನೆ ನಡೆಸುವವರಿಗೆ ಅದೆಷ್ಟು ಎಂದು ಆ ಕ್ಷಣ ಯೋಚಿಸಲಿಲ್ಲ.

ಖಾಲಾರಿಗೆ ವಿಷಯವೇ ತಿಳಿಯಲಿಲ್ಲ. ಮಗ ನೋಡಿದ್ದನೋ ಇಲ್ಲವೋ, ತಾಯಿಗೆ ಹೇಳಿರಲಿಲ್ಲ. ಕ್ಯಾಮೆರಾ ಬಂತು. ತಿಂಗಳುಗಳ ನಂತರ ಗ್ರೂಪಿನಲ್ಲಿ ಇನ್ನೊಂದು ಸಂದೇಶ: "ಬಾಕಿದಾರರ ಪಟ್ಟಿ". ಮನೆ ನಂಬರು, ಹೆಸರು, ಮೊತ್ತ. ಆರು ಮನೆಗಳು. ಆರರಲ್ಲಿ ನಾಲ್ಕು ಹೆಣ್ಣುಮಕ್ಕಳೇ ನಡೆಸುವ ಮನೆಗಳು.

ಆಗ ಖಾಲಾರ ಮಗಳಿಗೆ ಕೆ.ಆರ್. ನಗರದ ಕಡೆ ಸಂಬಂಧ ಗೊತ್ತಾಗಿತ್ತು. ಹುಡುಗನ ಬಂಧುವೊಬ್ಬರು ನಮ್ಮ ಬಡಾವಣೆಯಲ್ಲೇ ಇದ್ದಾರೆ. ಪಟ್ಟಿ ಎರಡು ದಿನದಲ್ಲಿ ಅಲ್ಲಿಗೆ ತಲುಪಿತು. "ಮೂರು ಸಾವಿರಕ್ಕೂ ಪಟ್ಟಿಯಲ್ಲಿ ಹೆಸರು ಬರುವ ಮನೆಯಾ?" ಎಂದು ಅಲ್ಲಿಂದ ಯಾರೋ ಕೇಳಿದರಂತೆ. ಸಂಬಂಧ ಮುರಿಯಲಿಲ್ಲ, ಅಲ್‌ಹಮ್ದುಲಿಲ್ಲಾಹ್. ನಿಕಾಹ್ ನಡೆಯಿತು. ಆದರೆ ಆ ಮಾತು ಹುಡುಗಿಯ ಜೊತೆ ಅತ್ತೆಯ ಮನೆಗೂ ಹೋಯಿತು. ಈಗಲೂ ಯಾವುದಾದರೂ ಚಿಕ್ಕ ಕಾರಣಕ್ಕೆ ಅದು ಹೊರಗೆ ಬರುತ್ತದೆಯಂತೆ. ಕಾರ್ಯದರ್ಶಿ ಪಟ್ಟಿಯನ್ನು ಅಳಿಸಿದರು. 2022ರಿಂದ ಅಡ್ಮಿನ್‌ಗೆ ಗ್ರೂಪಿನಲ್ಲಿ ಯಾರ ಸಂದೇಶವನ್ನಾದರೂ ಎಲ್ಲರ ಫೋನಿನಿಂದ ಅಳಿಸುವ ಸೌಲಭ್ಯವಿದೆ. ಆದರೆ ಫೋಟೋ ತೆಗೆದಿಟ್ಟುಕೊಂಡವರ ಫೋನಿನಿಂದ ಅದನ್ನು ಯಾರು ಅಳಿಸಬೇಕು?

ಪಟ್ಟಿಯಲ್ಲಿ ಸುಳ್ಳು ಇರಲಿಲ್ಲ, ಬಾಕಿ ಇದ್ದದ್ದು ನಿಜ ತಾನೇ ಎಂದು ಕೆಲವರು ವಾದಿಸಿದರು. ಮದ್ರಸದಲ್ಲಿ ಚಿಕ್ಕ ಮಕ್ಕಳಿಗೆ ನಾವು ಕಲಿಸುವ ಪಾಠವನ್ನೇ ಇವರಿಗೆ ನೆನಪಿಸಬೇಕಾಯಿತು. ಪರದೂಷಣೆ ಎಂದರೆ ಇಲ್ಲದ್ದನ್ನು ಹೇಳುವುದಲ್ಲ. ಇರುವುದನ್ನೇ, ಆ ವ್ಯಕ್ತಿಗೆ ನೋವಾಗುವಂತೆ ಅವನ ಬೆನ್ನ ಹಿಂದೆ ಹೇಳುವುದು. ಇಲ್ಲದ್ದನ್ನು ಹೇಳಿದರೆ ಅದು ಸುಳ್ಳಾರೋಪ, ಅದು ಬೇರೆಯೇ ಪಾಪ. ಸಂಘಕ್ಕೆ ಹಣ ಬರಬೇಕೆಂಬುದು ನ್ಯಾಯವೇ. ಅದಕ್ಕೆ ಆ ಮನೆಯ ಬಾಗಿಲಿದೆ, ಒಂದು ಮುಚ್ಚಿದ ಚೀಟಿಯಿದೆ. 80 ಮನೆಗಳ ಮುಂದೆ ಹೆಸರು ಓದಬೇಕಾಗಿಲ್ಲ.

ಇದರಿಂದ ನನಗೆ ಸ್ಪಷ್ಟವಾದದ್ದು ಇಷ್ಟು. ಸಂಘಗಳು, ಜಮಾಅತ್‌ಗಳು ಗ್ರೂಪನ್ನು ಬಳಸಲಿ, ಸುದ್ದಿ ತಿಳಿಸಲು. ಆದರೆ ಹಣದ ತೀರ್ಮಾನ ಮತ್ತು ಮನುಷ್ಯರ ಹೆಸರು ಅಲ್ಲಿಗೆ ಹೋಗಬಾರದು. ಮೌನವನ್ನು ಒಪ್ಪಿಗೆ ಎಂದು ಎಣಿಸುವುದು, ಕೋಣೆಯಲ್ಲೇ ಇಲ್ಲದವರ ಮೌನವನ್ನು ಎಣಿಸಿದಂತೆ. ನಿಕಾಹ್‌ನಲ್ಲಿ ಹುಡುಗಿಯ ಮೌನವನ್ನು ಒಪ್ಪಿಗೆಯೆಂದು ತಿಳಿಯುವ ಪದ್ಧತಿಯನ್ನು ಒಬ್ಬರು ನನಗೆ ಉದಾಹರಣೆ ಕೊಟ್ಟರು! ಅಲ್ಲಿಯೂ ಮೊದಲು ಅವಳನ್ನು ಕೇಳುತ್ತಾರಲ್ಲವೇ? ಕೇಳದೆ ಇದ್ದವಳ ಮೌನಕ್ಕೆ ಯಾವ ಅರ್ಥ? ಪರಸ್ಪರ ಸಮಾಲೋಚನೆಯಿಂದ ವ್ಯವಹರಿಸಬೇಕೆಂಬುದು ನಮಗೆ ಕುರ್‌ಆನ್ ಕಲಿಸಿದ ರೀತಿ. ಸಮಾಲೋಚನೆಗೆ ಹೆಬ್ಬೆರಳು ಸಾಲದು.

ನಂಬರು ಎಲ್ಲರಿಗೂ ಕಾಣುತ್ತದೆ

ಹಾಗಾದರೆ ಮನೆಯ ಹೆಂಗಸರನ್ನೂ ಗ್ರೂಪಿಗೆ ಸೇರಿಸಿಬಿಡಿ ಎನ್ನುತ್ತಾರೆ. ಸುಲಭದ ಉತ್ತರ. ಆದರೆ ಸಾಮಾನ್ಯ ಗ್ರೂಪಿಗೆ ಸೇರಿದೊಡನೆ ನಮ್ಮ ನಂಬರು ಎಲ್ಲ ಸದಸ್ಯರಿಗೂ ಕಾಣುತ್ತದೆ. ಫೋಟೋ ಹಾಕಿದ್ದರೆ, ಮರೆಮಾಡದಿದ್ದರೆ, ಅದೂ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೆ.ಆರ್. ನಗರದಲ್ಲಿದ್ದಾಳೆ, ಪತಿ ಗಲ್ಫ್‌ನಲ್ಲಿದ್ದಾರೆ. ಬೀದಿಯ ಗ್ರೂಪಿಗೆ ಸೇರಿದ ವಾರದಲ್ಲೇ ಗುರುತಿಲ್ಲದ ನಂಬರಿನಿಂದ ಅವಳಿಗೆ ರಾತ್ರಿ ಹೊತ್ತು "ಊಟ ಆಯ್ತಾ" ಎಂಬ ಸಂದೇಶಗಳು ಬರತೊಡಗಿದವು. ಅವಳು ಗ್ರೂಪು ಬಿಟ್ಟಳು. ಬಿಟ್ಟದ್ದಕ್ಕೆ ಕಾರಣ ಹೇಳಲಾರದೆ, "ಅಹಂಕಾರ" ಎಂಬ ಮಾತನ್ನೂ ಕೇಳಿಸಿಕೊಂಡಳು.

ಇದಕ್ಕೆ ದಾರಿಗಳಿವೆ, ನಮ್ಮ ಸಂಘದವರಿಗೆ ತಿಳಿದಿಲ್ಲ ಅಷ್ಟೆ. ಸಹೋದರಿಯರೇ, ನೀವು ತಿಳಿದುಕೊಂಡು ಅವರಿಗೆ ಹೇಳಿ. 2018ರಿಂದಲೇ ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಮಾಡಬಹುದು. ಗುಡ್ ಮಾರ್ನಿಂಗ್ ಹೂವುಗಳು, ಜಗಳಗಳು, ಫಾರ್ವರ್ಡುಗಳು ಅದರಿಂದಲೇ ಅರ್ಧ ನಿಲ್ಲುತ್ತವೆ. ನಮ್ಮನ್ನು ಯಾರು ಗ್ರೂಪಿಗೆ ಸೇರಿಸಬಹುದೆಂದು ನಾವೇ ನಿರ್ಧರಿಸುವ ವ್ಯವಸ್ಥೆ 2019ರಲ್ಲಿ ಬಂತು. ಸೆಟ್ಟಿಂಗ್ಸ್‌ನ ಪ್ರೈವಸಿಯಲ್ಲಿ "ಗ್ರೂಪ್ಸ್" ಎಂದಿರುತ್ತದೆ, ಮಗಳಿಗೆ ಹೇಳಿದರೆ ಒಂದು ನಿಮಿಷದಲ್ಲಿ ಮಾಡಿಕೊಡುತ್ತಾಳೆ. 2023ರಲ್ಲಿ ಭಾರತಕ್ಕೆ ಬಂದ "ಚಾನೆಲ್" ಇನ್ನೂ ಅನುಕೂಲ. ಅಲ್ಲಿ ಸಂಘ ಹೇಳುತ್ತದೆ, ನಾವು ಓದುತ್ತೇವೆ. ನಮ್ಮ ನಂಬರು ಇತರ ಓದುಗರಿಗೆ ಕಾಣುವುದಿಲ್ಲ. ಬ್ರಾಡ್‌ಕಾಸ್ಟ್ ಪಟ್ಟಿಯಿಂದಲೂ ಹೀಗೆ ಒಬ್ಬೊಬ್ಬರಿಗೇ ಕಳಿಸಬಹುದು. ಆದರೆ ಕಳಿಸುವವರ ನಂಬರನ್ನು ನಾವು ಹೆಸರು ಹಾಕಿ ಉಳಿಸಿಕೊಂಡಿರಬೇಕು, ಇಲ್ಲವಾದರೆ ಬರುವುದಿಲ್ಲ.

ಹರಡುವ ಮುನ್ನ

ಗ್ರೂಪಿನ ಇನ್ನೊಂದು ಮುಖ ನಮ್ಮ ರಾಜ್ಯಕ್ಕೆ ಚೆನ್ನಾಗಿ ಗೊತ್ತು. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತೆಂದು ನೆನಪಿದೆಯೇ? ಹೈದರಾಬಾದಿನಿಂದ ಕಾರಿನಲ್ಲಿ ಬಂದ ಯುವಕರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂದು ಸುದ್ದಿ ವಾಟ್ಸಪ್ಪಿನಲ್ಲಿ ಅವರ ಕಾರಿಗಿಂತ ಮೊದಲು ಮುಂದಿನ ಊರು ತಲುಪಿತು. ರಸ್ತೆಗೆ ಅಡ್ಡ ಹಾಕಿದರು. ಒಬ್ಬ ಯುವಕನ ಪ್ರಾಣ ಹೋಯಿತು. ಆ ತಿಂಗಳೇ ಕಂಪೆನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸಲಾಗದಂತೆ ಮಿತಿ ಹಾಕುವುದಾಗಿ ಹೇಳಿತು. 2025ರ ಫೆಬ್ರುವರಿಯಲ್ಲಿ ನಮ್ಮ ಜಿಲ್ಲೆಯಲ್ಲೇ, ಮೈಸೂರಿನ ಉದಯಗಿರಿಯಲ್ಲಿ, ಸಾಮಾಜಿಕ ಜಾಲತಾಣದ ಒಂದು ಪೋಸ್ಟಿನಿಂದ ಶುರುವಾದದ್ದು ಪೊಲೀಸ್ ಠಾಣೆಗೆ ಕಲ್ಲು ಬೀಳುವವರೆಗೆ ಹೋಯಿತು. ಎಷ್ಟು ತಾಯಂದಿರು ಅದರ ನಂತರ ನಿದ್ದೆ ಬಿಟ್ಟರೋ.

ಸುದ್ದಿ ತಂದವನನ್ನು ನಂಬುವ ಮೊದಲು ಪರಿಶೀಲಿಸಬೇಕು, ಇಲ್ಲವಾದರೆ ತಿಳಿಯದೆ ಒಂದು ಜನಕ್ಕೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡುತ್ತೀರಿ ಎಂಬ ಅರ್ಥದ ಆದೇಶ ಸೂರಃ ಹುಜುರಾತ್‌ನಲ್ಲಿದೆ. ಮಕ್ಕಳಿಗೆ ಅದನ್ನು ಕಂಠಪಾಠ ಮಾಡಿಸುತ್ತೇವೆ. ಮಕ್ಕಳು ಒಪ್ಪಿಸುತ್ತಾರೆ. ಅವರ ತಂದೆಯಂದಿರು ಮನೆಯಲ್ಲಿ ಕುಳಿತು ಫಾರ್ವರ್ಡ್ ಮಾಡುತ್ತಿರುತ್ತಾರೆ.

ಗ್ರೂಪಿನಲ್ಲಿ ಬೇರೆಯವರು ಬರೆದದ್ದಕ್ಕೆ ಅಡ್ಮಿನ್ ಜೈಲಿಗೆ ಹೋಗಬೇಕೇ ಎಂದು ಹಲವರು ಹೆದರುತ್ತಾರೆ. ಬೇರೆಯವರ ಬರಹಕ್ಕೆ ಅಡ್ಮಿನ್ ಎಂಬ ಒಂದೇ ಕಾರಣದಿಂದ ಹೊಣೆಯಾಗುವುದಿಲ್ಲ ಎಂದು 2021ರಲ್ಲಿ ಬಾಂಬೆ ಹೈಕೋರ್ಟ್, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ. ಅವನೂ ಆ ಸಂಚಿನಲ್ಲಿದ್ದರೆ ಮಾತು ಬೇರೆ. ಕಾನೂನಿನ ಹೊಣೆ ಇಲ್ಲವೆಂದ ಮಾತ್ರಕ್ಕೆ ನೆರೆಹೊರೆಯ ಹೊಣೆ ತಪ್ಪುವುದಿಲ್ಲ. ಎರಡು ಸಮುದಾಯದವರು ಒಟ್ಟಿಗೆ ಇರುವ ನಮ್ಮಂಥ ಬಡಾವಣೆಯ ಗ್ರೂಪಿನಲ್ಲಿ ರಾಜಕೀಯವೂ ಧರ್ಮದ ವಾದವೂ ಬಾರದಂತೆ ನೋಡಿಕೊಳ್ಳುವುದು ಕಾರ್ಯದರ್ಶಿಯ ಮೊದಲ ಕೆಲಸ. ಮೋಟಾರು ಕೆಟ್ಟರೆ ಇಬ್ಬರ ಮನೆಗೂ ನೀರಿಲ್ಲ.

ಹನ್ನೊಂದು ಚೀಟಿಗಳು

ಪಿರಿಯಾಪಟ್ಟಣದಲ್ಲಿ ನನ್ನ ಅಕ್ಕನ ಮೊಹಲ್ಲಾದಲ್ಲಿ ಒಂದು ಹಳೆಯ ರೂಢಿಯನ್ನು ಕೈಬಿಟ್ಟಿಲ್ಲ. ಜಮಾಅತ್‌ನ ಲೆಕ್ಕ, ಸಭೆಯ ದಿನಾಂಕ ಮಸೀದಿಯ ಹೊರಗಿನ ಹಲಗೆಗೆ ಅಂಟಿಸುತ್ತಾರೆ. ಗಂಡಸರು ಅಲ್ಲಿ ಓದುತ್ತಾರೆ. ಹೆಂಗಸರಿಗೆ? ಮದ್ರಸಕ್ಕೆ ಬರುವ ಮಕ್ಕಳ ಕೈಯಲ್ಲಿ ಚೀಟಿ. ಈಗ ಗ್ರೂಪೂ ಇದೆ, ಚೀಟಿಯೂ ಇದೆ. ಚೀಟಿಯನ್ನು ಮಗು ತಾಯಿಗೇ ಕೊಡುತ್ತದೆ, ತಂದೆಗಲ್ಲ. ಅದರಲ್ಲೇ ಅದರ ಬರ್ಕತ್ ಇದೆ ಎಂದು ಅಕ್ಕ ನಗುತ್ತಾಳೆ.

ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಸಂಘದ ಸಭೆಗೆ ಹೋದೆ. ಮಹಿಳೆಯರಾಗಿ ಹೋದದ್ದು ನಾವು ಮೂವರು, ಅದರಲ್ಲಿ ಒಬ್ಬರು ಗೌಡರ ಸೊಸೆ. ಬಾಕಿದಾರರ ಪಟ್ಟಿಯ ಮಾತೆತ್ತಿದೆ. ನಾನೂ ಓದದೆ ಒಪ್ಪಿದವಳು ಎಂಬುದನ್ನೂ ಹೇಳಿದೆ. ಕಾರ್ಯದರ್ಶಿ ಒಂದು ಕಾಲದಲ್ಲಿ ನನ್ನ ಹತ್ತಿರವೇ ಅಲಿಫ್ ಬೇ ಕಲಿತ ಹುಡುಗ. "ಆಪಾ, ಮನೆಮನೆಗೆ ಕಾಗದ ಹಂಚಲು ಈಗ ಯಾರಿಗೆ ಸಮಯವಿದೆ? ಅದಕ್ಕೆಂದೇ ತಾನೇ ಗ್ರೂಪು ಮಾಡಿದ್ದು?" ಎಂದ. ಅವನ ಮಾತೂ ಸುಳ್ಳಲ್ಲ. ಸಂಬಳವಿಲ್ಲದ ಕೆಲಸ, ಹಗಲಿಡೀ ಅಂಗಡಿ. ಬೈಯುವವರು ಹೆಚ್ಚು, ಹೊಗಳುವವರಿಲ್ಲ.

80 ಮನೆಗಳಿಗೂ ಬೇಡ, ಹಗಲು ಹೊತ್ತು ವಾಟ್ಸಪ್ ಇರುವ ಫೋನು ಇಲ್ಲದ ಮನೆಗಳೆಷ್ಟು ಎಂದು ಮೊದಲು ಎಣಿಸೋಣ ಎಂದೆವು. ಗೌಡರ ಸೊಸೆ ಮತ್ತು ನಾನು ಎರಡು ಸಂಜೆ ತಿರುಗಿ ಎಣಿಸಿದೆವು. ಹನ್ನೊಂದು. ಹನ್ನೊಂದು ಚೀಟಿ ಬರೆಯಲು ಹತ್ತು ನಿಮಿಷ. ಹಂಚಲು ನನ್ನ ಮದ್ರಸದ ಇಬ್ಬರು ಹುಡುಗಿಯರು, ಅವರ ಬೀದಿಯಲ್ಲದ ಕಡೆಗೆ ಗೌಡರ ಮೊಮ್ಮಗ. ಹಣದ ತೀರ್ಮಾನ ಇನ್ನು ಸಭೆಯಲ್ಲೇ, ಬಾರದವರ ಮನೆಗೆ ಹೋಗಿ ಕೇಳಿದ ಮೇಲೆಯೇ ಎಂದು ಪುಸ್ತಕದಲ್ಲಿ ಬರೆಸಿದೆವು. ಈ ಮಾತಿಗೆ ಒಂದಿಬ್ಬರು ಗೊಣಗಿದರು. ಈಗಲೂ ಗೊಣಗುತ್ತಾರೆ. ಖಾಲಾ ತಮ್ಮ 3,000ವನ್ನು ತಿಂಗಳಿಗೆ 500ರಂತೆ ಆರು ಕಂತಿನಲ್ಲಿ ಕಟ್ಟಿದರು. ಆರು ರಶೀದಿಗಳನ್ನೂ ಮಗಳ ಮಾವನಿಗೆ ತೋರಿಸುವುದಕ್ಕೆಂದು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದಾರೆ. ಅವರು ಕೇಳಿಲ್ಲ, ಇವರು ತೋರಿಸಿಲ್ಲ.

ಹೋದ ತಿಂಗಳು ಮತ್ತೆ ಟ್ಯಾಂಕ್ ತೊಳೆಯುವ ದಿನ ಬಂತು. ಪರೀಕ್ಷೆಯ ಕಾಪಿಗಳ ರಾಶಿಯ ನಡುವೆ ನಾನು ಎರಡು ದಿನ ಗ್ರೂಪು ತೆರೆದಿರಲಿಲ್ಲ. ಬೆಳಿಗ್ಗೆ ವುಝೂ ಮಾಡಲು ನಲ್ಲಿ ತಿರುಗಿಸಿದರೆ ಬರಿಯ ಗಾಳಿ, ಸಂಪೂ ಖಾಲಿ. ಕೊಡ ಹಿಡಿದು ಹಿಂದಿನ ಬೀದಿಗೆ ಹೋದೆ. ಖಾಲಾರ ಮನೆಯ ಹಂಡೆ, ಬಕೆಟ್ಟು, ಡ್ರಮ್ಮು ಎಲ್ಲ ತುಂಬಿ ನಿಂತಿದ್ದವು.

"ಚೀಟಿ ಬಂದಿತ್ತಲ್ಲ ಬೇಟಾ," ಎಂದರು, "ನಿನ್ನೆಯೇ ಹಿಡಿದಿಟ್ಟೆ. ನಿನಗೆ ಯಾರೂ ಹೇಳಲಿಲ್ಲವಾ?"